ಇಡೀ ದಿನಕ್ಕೆ ಒಂದೇ ಜೊತೆ

ಮೊನ್ನೆ ಭಾನುವಾರ ಬೆಳಿಗ್ಗೆ ಅಕ್ಕನ ಮಗ ಡೆನ್ವರ್‌ನಿಂದ ಫೋನ್ ಮಾಡಿದ್ದ. ಹುಟ್ಟಿದ್ದು ಹೊಳಲ್ಕೆರೆ, ಓದಿದ್ದು ದಾವಣಗೆರೆ. ಈಗ ಚಳಿಗಾಲ ಬಂತೆಂದರೆ ವಾರಕ್ಕೊಮ್ಮೆ ಬೆಟ್ಟಕ್ಕೆ ಹೋಗಿ ಹಿಮದ ಮೇಲೆ ಜಾರಿ ಬರುತ್ತಾನೆ. ಇಷ್ಟು ವರ್ಷ ಬಾಡಿಗೆ ಸ್ಕೀಯಲ್ಲೇ ಕಾಲ ಹಾಕಿದ್ದವನು ಈ ಸಲ ಸ್ವಂತದ್ದು ಕೊಳ್ಳಬೇಕು ಅಂತ ಹೊರಟಿದ್ದಾನೆ. "ಎರಡು ವಾರದಿಂದ ತಲೆ ಕೆಟ್ಟುಹೋಗಿದೆ ಮಾವ, ಯಾವುದು ತಗೊಳ್ಳೋದು ಗೊತ್ತಾಗ್ತಿಲ್ಲ" ಅಂದ.

ಅವನು ವಿವರಿಸಿದ್ದು ಇಷ್ಟು. ಆಗಷ್ಟೇ ಬಿದ್ದ ಪುಡಿ ಹಿಮದಲ್ಲಿ ಮುಳುಗದೆ ತೇಲಬೇಕಾದರೆ ಸ್ಕೀ ಅಗಲವಾಗಿರಬೇಕು. ಪಾದದ ಕೆಳಗೆ 115 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು. ಮೂತಿ ಮೇಲಕ್ಕೆ ಬಾಗಿರಬೇಕು. ಆದರೆ ಜನ ತುಂಬಿದ ರೆಸಾರ್ಟಿನಲ್ಲಿ ಆ ಪುಡಿ ಹಿಮ ಇರೋದು ಬೆಳಗಿನ ಒಂದೆರಡು ಗಂಟೆ. ಆಮೇಲೆ ಎಲ್ಲರೂ ತುಳಿದು ಉಬ್ಬುತಗ್ಗು ಮಾಡಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಎಷ್ಟೋ ಕಡೆ ಒತ್ತಿ ಗಟ್ಟಿಯಾದ ಹಾಸು. ಅಲ್ಲಿ ಅಗಲದ ಸ್ಕೀ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೇಗ ಹೊರಳುವುದಿಲ್ಲ, ಮಂಡಿ ಸೋಲುತ್ತದೆ. ಹಾಗಂತ ತೀರಾ ಸಣ್ಣದು ತಗೊಂಡರೆ ಬೆಳಗಿನ ಮಜಾ ಹೋಯಿತು. ಮಧ್ಯದ್ದು, ಅಂದರೆ 100ರಿಂದ 108ರೊಳಗಿನದು ತಗೊಳ್ಳಲಾ ಅಂತ ಅವನ ಪ್ರಶ್ನೆ.

ನಾನು ಹಿಮ ಅಂತ ನೋಡಿರೋದು ಫ್ರಿಜ್ಜಿನ ಮೇಲಿನ ಗೂಡಿನಲ್ಲಿ ಮಾತ್ರ :) ಆದರೂ ತಕ್ಷಣ ಹೇಳಿದೆ: "ಮಧ್ಯದ್ದೇ ತಗೋ. ಆ ಒಂದು ಗಂಟೆಗೆ ದುಡ್ಡು ಹಾಕಬೇಡ, ಉಳಿದ ಆರು ಗಂಟೆಗೆ ಹಾಕು." ಇಷ್ಟು ಧೈರ್ಯವಾಗಿ ಹೇಳಿದ್ದು ಯಾಕೆ ಅಂದರೆ ಅದೇ ತಪ್ಪು ನಾನು ಮಾಡಿದ್ದೆ, ಚಿತ್ರದುರ್ಗದ ಬಂಡೆಯ ಮೇಲೆ. ಬೆಲೆ ತೆತ್ತಿದ್ದು ಮಾತ್ರ ಅಪ್ಪ.

2018ರ ಡಿಸೆಂಬರ್. ಊರಿಗೆ ಹೋಗುವ ಮುಂಚೆ ಬೆಂಗಳೂರಿನಲ್ಲಿ ಎರಡು ಜೊತೆ ಟ್ರೆಕ್ಕಿಂಗ್ ಬೂಟು ಕೊಂಡಿದ್ದೆ, ನನಗೊಂದು, ಅಪ್ಪನಿಗೊಂದು. ಗಿಣ್ಣು ಮುಚ್ಚುವಷ್ಟು ಎತ್ತರ, ಅಡಿಯಲ್ಲಿ ಟ್ರಾಕ್ಟರ್ ಟೈರಿನ ಹಾಗೆ ದೊಡ್ಡ ದೊಡ್ಡ ಹಲ್ಲು. ಕೊಳ್ಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಒಂದೇ ಚಿತ್ರ: ಕೋಟೆಯ ತುದಿಯಲ್ಲಿರುವ ತುಪ್ಪದ ಕೊಳದ ಬತೇರಿ, ಅದರ ಕಡಿದಾದ ಬಂಡೆ, ಅದನ್ನು ನಾನು ಹತ್ತುತ್ತಿರುವುದು. 'ನಾಗರಹಾವು' ನೋಡಿ ಬೆಳೆದ ನಮ್ಮೂರಿನ ಹುಡುಗರಿಗೆ ಕೋಟೆ ಅಂದರೆ ಎಷ್ಟು ವಯಸ್ಸಾದರೂ ಸ್ವಲ್ಪ ರಾಮಾಚಾರಿ ಮೈಮೇಲೆ ಬರುತ್ತಾನೆ.

ಅಪ್ಪ ಮೇಷ್ಟರಾಗಿದ್ದವರು. ಮೂವತ್ತು ವರ್ಷ ಮಕ್ಕಳನ್ನು ಕೋಟೆಗೆ ಪ್ರವಾಸ ಕರೆದುಕೊಂಡು ಹೋದದ್ದು ರಬ್ಬರ್ ಅಡಿಯ ಕ್ಯಾನ್ವಾಸ್ ಶೂನಲ್ಲಿ. ಬೂಟು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದವರೇ "ಕಾಲಿಗೆ ನೆಲ ಗೊತ್ತಾಗಲ್ಲ ಕಣೋ ಇದ್ರಲ್ಲಿ" ಅಂದರು. "ಅಭ್ಯಾಸ ಆಗುತ್ತೆ ಬಿಡಪ್ಪ, ಹಳೇದು ಇಲ್ಲೇ ಬಿಡು" ಅಂದೆ. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಒಂದು ಬೋಳು ಬಂಡೆಯ ಇಳಿಜಾರು, ಮೇಲೆ ತೆಳ್ಳಗೆ ಮರಳಿನ ಪುಡಿ. ಅಪ್ಪನ ಹಿಮ್ಮಡಿ ಜಾರಿತು. ಕೈ ಊರಿದರು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಬೋರ್ಡಿನ ಮೇಲೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ ಕೈ ಈಗಲೂ ಸಹಿ ಹಾಕುವಾಗ ಸ್ವಲ್ಪ ಎಳೆಯುತ್ತದೆ.

ಅಪ್ಪ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದಕ್ಕೇ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಆಮೇಲೆ ನಿಧಾನವಾಗಿ ಅರ್ಥವಾಯಿತು. ಬೂಟಿನ ಅಡಿಯ ಹಲ್ಲು ಇರೋದು ಮಣ್ಣನ್ನು ಕಚ್ಚುವುದಕ್ಕೆ. ಒಣಗಿದ ಕಲ್ಲಿನಲ್ಲಿ ಕಚ್ಚೋದಕ್ಕೆ ಏನಿದೆ? ಅಲ್ಲಿ ಬೇಕಿರೋದು ಕಲ್ಲಿನ ಒರಟಿನೊಳಗೆ ಒತ್ತಿ ಕೂರುವ ಮೆದು ರಬ್ಬರು, ಮತ್ತು ಅದು ಆದಷ್ಟೂ ಹೆಚ್ಚು ಜಾಗದಲ್ಲಿ ಕಲ್ಲಿಗೆ ತಾಗಬೇಕು. ಬಾದಾಮಿಯಲ್ಲೋ ರಾಮನಗರದಲ್ಲೋ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವವರ ಶೂ ನೋಡಿ, ಅಡಿ ನುಣ್ಣಗಿರುತ್ತದೆ, ಒಂದು ಹಲ್ಲೂ ಇರುವುದಿಲ್ಲ. ರೇಸ್ ಕಾರುಗಳಿಗೂ ಒಣ ರಸ್ತೆಯಲ್ಲಿ ನುಣ್ಣನೆಯ ಟೈರು, ಮಳೆ ಬಂದರೆ ಮಾತ್ರ ಗೆರೆ ಇರುವ ಟೈರು. ನನ್ನ ಬೂಟಿನ ಹಲ್ಲುಗಳು ಗಟ್ಟಿ, ಕಲ್ಲಿಗೆ ತಾಗುತ್ತಿದ್ದದ್ದು ಅವುಗಳ ತುದಿ ಮಾತ್ರ. ಬಂಡೆಯ ಮೇಲೆ ಮರಳಿದ್ದರೆ ಯಾವ ಶೂ ಆದರೂ ಜಾರೀತು, ಒಪ್ಪುತ್ತೇನೆ. ಆದರೆ ತೆಳು ಅಡಿಯಲ್ಲಿ ಮರಳು ಕಾಲಿಗೆ ಗೊತ್ತಾಗುತ್ತದೆ, ಭಾರ ಹಾಕುವ ಮುಂಚೆಯೇ ಹೆಜ್ಜೆ ಹಿಂದೆ ತಗೊಳ್ಳಬಹುದು. ಅಪ್ಪ ಹೇಳಿದ್ದು ಅದನ್ನೇ.

ಇನ್ನು ನಾನು ಕನಸು ಕಂಡ ಬತೇರಿ? ಅಲ್ಲಿ ಬಂಡೆಯಲ್ಲಿ ಕೈಕಾಲು ಇಡಲು ಗುಳಿ ಕೊರೆದಿದ್ದಾರೆ. ಬೂಟಿನ ದಪ್ಪ ಮೂತಿ ಆ ಗುಳಿಯಲ್ಲಿ ಅರ್ಧವೂ ಕೂರಲಿಲ್ಲ. ಅಂದರೆ ಯಾವ ಹತ್ತು ನಿಮಿಷಕ್ಕಾಗಿ ಕೊಂಡಿದ್ದೆನೋ ಆ ಹತ್ತು ನಿಮಿಷಕ್ಕೂ ಅದು ಒದಗಲಿಲ್ಲ! (ಕೋತಿರಾಜು ಎಂದೇ ಹೆಸರಾದ ಜ್ಯೋತಿರಾಜ್ ಕೋಟೆಯ ಗೋಡೆ ಹತ್ತೋದನ್ನು ನೋಡಿ ಯಾರೂ ಶೂ ಆರಿಸಲು ಹೋಗಬೇಡಿ. ಅದು ಬೇರೆಯೇ ವಿದ್ಯೆ.)

ನಮ್ಮ ಕಡೆ ಒಂದು ದಿನ ಅಂದರೆ ಒಂದೇ ನೆಲ ಅಲ್ಲ. ಊರಿಗೆ ಹೋದಾಗ ನಮ್ಮ ಸುತ್ತಾಟ ಹೀಗಿರುತ್ತದೆ, ನೋಡಿ.

ಬೆಳಿಗ್ಗೆ ಚಿತ್ರದುರ್ಗ. ಏಳು ಸುತ್ತಿನ ಕೋಟೆ, ಎಲ್ಲಾ ಕಲ್ಲು. ಎಷ್ಟೋ ತಲೆಮಾರಿನ ಕಾಲು ಸವೆಸಿ ನುಣುಪಾದ ಮೆಟ್ಟಿಲು. ಒನಕೆ ಕಿಂಡಿಯ ಹತ್ತಿರ ಬಗ್ಗಿ ನುಸುಳಬೇಕು. ಜೊತೆಗೆ ದೇವಸ್ಥಾನಗಳು: ಸಂಪಿಗೆ ಸಿದ್ದೇಶ್ವರ, ಹಿಡಿಂಬೇಶ್ವರ, ಏಕನಾಥೇಶ್ವರಿ, ಗೋಪಾಲಸ್ವಾಮಿ. ಪ್ರತಿ ಬಾಗಿಲಲ್ಲೂ ಬಿಚ್ಚಬೇಕು, ಮತ್ತೆ ಹಾಕಬೇಕು. ಹನ್ನೆರಡು ಕೊಕ್ಕೆಗೆ ಲೇಸು ಸುತ್ತುವ ಬೂಟಿನಲ್ಲಿ ಮೂರನೇ ದೇವಸ್ಥಾನದ ಹೊತ್ತಿಗೆ ಭಕ್ತಿ ಕಡಿಮೆಯಾಗುತ್ತದೆ. ಹತ್ತು ಗಂಟೆ ದಾಟಿದರೆ ಬರಿಗಾಲಿಗೆ ಬಂಡೆ ಹೆಂಚಿನ ಹಾಗೆ ಸುಡುತ್ತದೆ, ಅದು ಬೇರೆ.

ಮಧ್ಯಾಹ್ನ ಹೊಳಲ್ಕೆರೆ. ಬಯಲು ಗಣಪನಿಗೆ ಕೈ ಮುಗಿದು ಹಳ್ಳಿ ಮನೆಯಲ್ಲಿ ಊಟ. ಊಟವಾದ ಮೇಲೆ ಅಪ್ಪನಿಗೆ ಹೊಲ ನೋಡಬೇಕು. ಕೆಮ್ಮಣ್ಣು, ಬದುವಿನಲ್ಲಿ ಬಳ್ಳಾರಿ ಜಾಲಿ, ದಾರಿಯಲ್ಲಿ ನೆಗ್ಗಿಲು ಮುಳ್ಳು. ನೆಗ್ಗಿಲು ತುಳಿದವರಿಗೆ ಗೊತ್ತು, ಹಗುರವಾದ ಸ್ಪಾಂಜಿನ ಅಡಿ ಅದಕ್ಕೆ ಲೆಕ್ಕವೇ ಅಲ್ಲ. ಹವಾಯಿ ಚಪ್ಪಲಿಯಲ್ಲಿ ಹೊಲಕ್ಕೆ ಹೋಗಿ ಬಂದವರ ಸಂಜೆಯ ಕೆಲಸ ಏನಿದ್ದರೂ ಪಿನ್ನು ಹಿಡಿದು ಮುಳ್ಳು ಕೀಳೋದು.

ಸಂಜೆ ಹೊಸದುರ್ಗದ ಕಡೆ ಚಿಕ್ಕಮ್ಮನ ತೆಂಗಿನ ತೋಟ. ನೀರು ಬಿಟ್ಟಿರುತ್ತಾರೆ, ಪಾತಿ ಒದ್ದೆ. ಬಿದ್ದ ಗರಿ, ಮಟ್ಟೆ ರಾಶಿಯ ಕೆಳಗೆ ಚೇಳಿರಬಹುದು. ಇಲ್ಲಿ ಬೆರಳು ಮುಚ್ಚಿರಬೇಕು, ಮತ್ತು ಒದ್ದೆಯಾದರೆ ಬೇಗ ಒಣಗಬೇಕು.

ಅಲ್ಲಿಂದ ಹಿರಿಯೂರಿಗೆ ಬಂದು ರಾತ್ರಿ ಬೆಂಗಳೂರು ಬಸ್ಸು. ನಡುವೆ ಹೊತ್ತಿದ್ದರೆ ಮಾರಿಕಣಿವೆ. 1907ರಲ್ಲಿ ಕಟ್ಟಿ ಮುಗಿಸಿದ ಈ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ವರ್ಷ ನೋಡಲು ಹೋದ ಜನಜಾತ್ರೆಯಲ್ಲಿ ನಾವೂ ಇದ್ದೆವು. ದಾರಿಯ ಪಕ್ಕದ ಎರೆಹೊಲಕ್ಕೆ ಇಳಿದವರ ಪಾಡು ಏನು ಹೇಳಲಿ! ಒದ್ದೆ ಎರೆಮಣ್ಣು ಹೆಜ್ಜೆಗೊಂದು ಸೇರು ಹತ್ತುತ್ತದೆ. ನಮ್ಮ ಜೊತೆ ಬೂಟು ಹಾಕಿಕೊಂಡು ಬಂದವನ ಹಲ್ಲುಗಳೊಳಗೆ ಮಣ್ಣು ತುಂಬಿ, ಒಂದೊಂದು ಕಾಲೂ ಆನೆಕಾಲಾಗಿತ್ತು. ಚಪ್ಪಟೆ ಅಡಿಯವರು ಕಲ್ಲಿಗೆ ಎರಡು ಸಲ ತಿಕ್ಕಿ ಮುಂದೆ ಹೋದರು.

ನಾಲ್ಕು ತಾಲ್ಲೂಕು, ನಾಲ್ಕು ನೆಲ, ಒಂದು ಜೊತೆ ಕಾಲು. ಕಾರಿನ ಡಿಕ್ಕಿಯಲ್ಲಿ ನಾಲ್ಕು ಜೊತೆ ಇಟ್ಟುಕೊಳ್ಳುವವರಿಗೆ ನನ್ನದೇನೂ ತಕರಾರಿಲ್ಲ. ಬಸ್ಸಿನಲ್ಲಿ ಓಡಾಡುವವರಿಗೆ, ಅಪ್ಪ ಅಮ್ಮನಿಗೆ ಏನಾದರೂ ಕೊಡಿಸಬೇಕು ಅಂದುಕೊಂಡವರಿಗೆ ನಾನು ಹೇಳೋದು ಇಷ್ಟು:

೧. ತಗ್ಗಾದ, ಬೆರಳು ಮುಚ್ಚುವ, ರಬ್ಬರ್ ಅಡಿಯ ಕ್ಯಾನ್ವಾಸ್ ಶೂ ಸಾಕು. ಅಂಗಡಿಯಲ್ಲಿ ಅಡಿಯನ್ನು ಉಗುರಿನಿಂದ ಒತ್ತಿ ನೋಡಿ. ಒತ್ತಿದರೆ ತಗ್ಗಾಗಿ ಮತ್ತೆ ಮೇಲೆದ್ದರೆ ಒಳ್ಳೆಯದು. ಪ್ಲಾಸ್ಟಿಕ್ಕಿನ ಹಾಗೆ ಹೊಳೆದು ಉಗುರೇ ಜಾರಿದರೆ ಬಂಡೆಯ ಮೇಲೆ ನೀವೂ ಜಾರುತ್ತೀರಿ.

೨. ಅಡಿ ಬಾಗಬೇಕು, ಆದರೆ ಮುಳ್ಳು ತಡೆಯುವಷ್ಟು ದಪ್ಪ ಇರಬೇಕು. ಇದೇ ಕಷ್ಟದ ಜಾಗ. ಪೂರ್ತಿ ಸ್ಪಾಂಜಿನದು ಬೇಡ, ಕೆಳಗೆ ಒಂದು ಪದರ ಗಟ್ಟಿಮುಟ್ಟಾದ ರಬ್ಬರ್ ಇರಲಿ.

೩. ಸಂಜೆ ಹೊತ್ತು ಕೊಳ್ಳಿ, ನಡೆದು ನಡೆದು ಪಾದ ಸ್ವಲ್ಪ ಊದಿರುತ್ತದೆ. ಕಾಲುಚೀಲ ಹಾಕಿಕೊಂಡೇ ನೋಡಿ. ಮುಂದೆ ಹೆಬ್ಬೆರಳಿನಗಲ ಜಾಗ ಬಿಡಿ. ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ.

೪. ಹತ್ತುವಾಗ ಲೇಸು ಸಡಿಲವಿದ್ದರೂ ನಡೆಯುತ್ತದೆ. ಇಳಿಯುವ ಮುಂಚೆ ಕೂತು ಬಿಗಿಯಾಗಿ ಕಟ್ಟಿ. ಬೀಳುವ ಭಯ ಇರೋದು ಇಳಿಯುವಾಗ.

"ಎತ್ತರದ ಬೂಟಿಲ್ಲದಿದ್ದರೆ ಕಾಲು ಉಳುಕುತ್ತೆ" ಅಂತ ಕೆಲವರು ಹೇಳುತ್ತಾರೆ. ಬೆನ್ನ ಮೇಲೆ ಹದಿನೈದು ಕೇಜಿ ಹೊತ್ತು ಮಳೆಗಾಲದಲ್ಲಿ ಕುಮಾರಪರ್ವತ ಹತ್ತುವವರ ಮಾತು ಅದು, ಅವರಿಗೆ ಬೂಟು ಬೇಕು, ಹಲ್ಲೂ ಬೇಕು. ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ ಹಿಡಿದು ಕೋಟೆಗೆ ಹೋಗುವವರಿಗೆ ಯಾಕೆ? ಇನ್ನು ಕೆಲವರು "ನಮ್ಮ ಹಿರಿಯರು ಬರಿಗಾಲಲ್ಲೇ ನಡೀತಿರಲಿಲ್ವಾ" ಅನ್ನುತ್ತಾರೆ. ಅಪ್ಪನ ಉತ್ತರ ಕೇಳಿ: "ಚಪ್ಪಲಿ ಇರಲಿಲ್ಲ, ನಡೀತಿದ್ವಿ. ಎಕ್ಕಡ ಹೊಲಿಸಿಕೊಳ್ಳೋಕೆ ದುಡ್ಡು ಬಂದ ದಿನ ಯಾರೂ ಬರಿಗಾಲಲ್ಲಿ ಹೋಗಲಿಲ್ಲ." ಎಕ್ಕಡಕ್ಕೆ ಪದರದ ಮೇಲೆ ಪದರ ಚರ್ಮ ಹಾಕುತ್ತಿದ್ದದ್ದು, ಆಮೇಲೆ ಟೈರು ಕತ್ತರಿಸಿ ಚಪ್ಪಲಿ ಮಾಡಿದ್ದು ಇದೇ ಜಾಲಿ ಮುಳ್ಳಿಗೆ. ಅವರಿಗೆ ತಮ್ಮ ನೆಲ ಗೊತ್ತಿತ್ತು. ನಾನು ನೆಲ ನೋಡಲಿಲ್ಲ, ಜಾಹೀರಾತಿನ ಹಿಮಪರ್ವತ ನೋಡಿ ಕೊಂಡೆ.

ಒಂದು ಮಾತು ಮಾತ್ರ ಮರೆಯಬೇಡಿ. ಮಳೆ ಬಿದ್ದು ಪಾಚಿ ಕಟ್ಟಿದ ಬಂಡೆಗೆ ಯಾವ ಶೂ ಕೂಡ ಇಲ್ಲ. ಆ ದಿನ ಕೆಳಗಿನಿಂದಲೇ ಕೋಟೆ ನೋಡಿ, ಅದೂ ಚಂದ.

ಆ ಬೂಟುಗಳು ಅಟ್ಟ ಸೇರಿದ್ದವು. ನಾಲ್ಕು ವರ್ಷ ಬಿಟ್ಟು ತೆಗೆದರೆ ಅಡಿ ಬಿಸ್ಕತ್ತಿನ ಹಾಗೆ ಪುಡಿಪುಡಿಯಾಗಿ ಉದುರಿತು. ಪಾಲಿಯುರೆಥೇನ್ ಅಡಿ ಗಾಳಿಯ ತೇವಕ್ಕೇ ಹಾಗಾಗುತ್ತದಂತೆ, ಹಾಕಿಕೊಳ್ಳದೆ ಇಟ್ಟರೂ ಸಹ. ಕನಸಿನ ದಿನಕ್ಕೆ ಅಂತ ಎತ್ತಿಟ್ಟರೆ ಆ ದಿನ ಬರುವ ಹೊತ್ತಿಗೆ ಅದೇ ಇರುವುದಿಲ್ಲ.

ಹೋದ ಕಾರ್ತಿಕದಲ್ಲಿ ಅಪ್ಪ ತಾವಾಗಿಯೇ "ಏಕನಾಥೇಶ್ವರಿವರೆಗೂ ಹೋಗಿ ಬರೋಣ ಬಾ" ಅಂದರು. ಬಿದ್ದ ಮೇಲೆ ಕೋಟೆ ಹತ್ತಿರಲಿಲ್ಲ. ಈಗ ಎಪ್ಪತ್ತು ದಾಟಿದೆ. ಹೊಸ ಕ್ಯಾನ್ವಾಸ್ ಶೂ, ಬೂಟಿನ ಬೆಲೆಯ ಎಂಟರಲ್ಲೊಂದು ಪಾಲಿನದು, ಅವರೇ ಅಂಗಡಿಯಲ್ಲಿ ಉಗುರು ಒತ್ತಿ ಆರಿಸಿದ್ದು. ಇಳಿಯುವಾಗ ಆ ಬೋಳು ಬಂಡೆ ಬಂತು. ನಾನು ಕೈ ಚಾಚಿದೆ. ಅಪ್ಪ ಹಿಡಿಯಲಿಲ್ಲ. ನಿಂತು ಪಾದವನ್ನು ಬಂಡೆಯ ಮೇಲೆ ಎರಡು ಸಲ ಉಜ್ಜಿದರು. "ಈಗ ಗೊತ್ತಾಗ್ತದೆ ನೋಡು" ಅಂದು ನನಗಿಂತ ಮುಂದೆ ಇಳಿದರು.

ಅಕ್ಕನ ಮಗ ಕೊನೆಗೆ 104ರದ್ದು ಆರ್ಡರ್ ಮಾಡಿದನಂತೆ. ನಿಮ್ಮೂರಿನ ನೆಲಕ್ಕೆ ನಿಮ್ಮ ಕಾಲಲ್ಲಿ ಏನಿದೆ? ಮಲೆನಾಡಿನವರು, ಕರಾವಳಿಯವರು ಬರೆಯಿರಿ, ಓದಲು ಕಾಯುತ್ತೇನೆ.