ಲಾಂಚು ಕಾದವರಿಗೆ ಗೊತ್ತು

ಮೊನ್ನೆ ಒಂದು ಮದುವೆಮನೆ ಪಂಕ್ತಿಯಲ್ಲಿ ಮಾತು ಬಂತು. "ಆ ಶುಭಾಂಶು ಶುಕ್ಲಾ ಹೊರಡೋದನ್ನ ಎಷ್ಟು ಸಲ ಮುಂದೆ ಹಾಕಿದ್ರು ಮಾರಾಯ್ತಿ! ಮುಹೂರ್ತ ಸರಿ ನೋಡಿರ್ಲಿಲ್ಲ ಅಂತ ಕಾಣ್ತದೆ" ಅಂತ ಒಬ್ಬರು ನಕ್ಕರು. ನಂಗೆ ನಗು ಬರ್ಲಿಲ್ಲ. ಲಿಂಗನಮಕ್ಕಿ ಹಿನ್ನೀರಿನ ಆಚೆ ದಡದಲ್ಲಿ ಹುಟ್ಟಿದವಳು ನಾನು.

ಮುಹೂರ್ತ ಇತ್ತು. ಆ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಮೇಲೆ ಒಂದೂವರೆ ಗಂಟೆಗೊಂದು ಸುತ್ತು ಹಾಕ್ತಾ ಇರ್ತದೆ. ಅದರ ದಾರಿ ಒಂದು ದೊಡ್ಡ ಬಳೆ ಅಂತ ಇಟ್ಕೊಳಿ. ಬಳೆಯೊಳಗೆ ಭೂಮಿ ತಿರುಗ್ತದೆ. ರಾಕೆಟ್ ನಿಂತ ಫ್ಲೋರಿಡಾ ಬಳೆಯ ಕೆಳಗೆ ಬಂದ ಹೊತ್ತಿಗೇ ಹಾರಬೇಕು. ಬಳೆಯೂ ಚೂರು ಚೂರು ಸರೀತದೆ, ಹಂಗಾಗಿ ದಿನಾ ಇಪ್ಪತ್ತಕ್ಕಿಂತ ಹೆಚ್ಚು ನಿಮಿಷ ಮುಂಚೆ ಆ ಹೊತ್ತು ಬರ್ತದೆ. ಜೂನ್ 11ಕ್ಕೆ ಸಂಜೆ 5.30 ಅಂತಿದ್ದದ್ದು 2025ರ ಜೂನ್ 25ಕ್ಕೆ ಮಧ್ಯಾಹ್ನ 12.01 ಆದದ್ದು ಅದಕ್ಕೇ. ಹಾರಿದ ಮೇಲೆ ನೇರ ಹೋಗಿ ಹಿಡಿಯೋದೂ ಅಲ್ಲ. ಪ್ರದಕ್ಷಿಣೆಯಲ್ಲಿ ಒಳಸುತ್ತಿನವರು ಬೇಗ ಮುಗಿಸಿದ ಹಂಗೆ, ಕೆಳಗಿನ ಸುತ್ತಿನಲ್ಲಿ ಬೇಗ ತಿರುಗಿ, ಮೆಲ್ಲಗೆ ಮೇಲೇರಿ, 28 ಗಂಟೆ ಆದ ಮೇಲೆ ಸೇರಿದ್ದು. ನಡುವೆ ರಾಕೆಟಿನಲ್ಲಿ ಆಮ್ಲಜನಕ ಸೋರಿತು ಅಂತ ನಿಲ್ಲಿಸಿದ್ರು. ಸೋರೋ ದೋಣಿಗೆ ಯಾರಾದ್ರೂ ಮಕ್ಕಳನ್ನ ಹತ್ತಿಸ್ತಾರಾ?

ನಮ್ಮಲ್ಲೂ ಹಂಗೇ ಲೆಕ್ಕ ಇತ್ತು. 1964ರಲ್ಲಿ ಅಣೆಕಟ್ಟೆ ಆದ ಮೇಲೆ ನಾವು ನೀರಿನ ಆಚೆ ಉಳಿದವರು. ಸಂಜೆ ಕೊನೇ ಲಾಂಚು ಹೋದರೆ ಬೆಳಗಿನವರೆಗೆ ದಾಟೋ ಮಾತಿಲ್ಲ. ಅತ್ತಿಗೆ ಬಸುರಿ ಇದ್ದಾಗ ಅಮ್ಮ ಹದಿನೈದು ದಿನ ಮೊದಲೇ ಸಾಗರದ ನೆಂಟರ ಮನೆಗೆ ಕಳಿಸಿದ್ರು. "ಇಷ್ಟು ಬೇಗ ಎಂತಕ್ಕೆ?" ಅಂತ ಅಪ್ಪಯ್ಯ ಕೇಳಿದ್ದಕ್ಕೆ, "ನೋವು ಲಾಂಚಿನ ಟೈಮು ಕೇಳಿ ಬರ್ತದಾ?" ಅಂದಿದ್ರು. ಮಗು ಹುಟ್ಟಿದ್ದು ರಾತ್ರಿ ಎರಡು ಗಂಟೆಗೆ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು.

2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆ ಆಯ್ತು. ಶುಕ್ಲಾ ನಿಲ್ದಾಣ ಬಿಟ್ಟು ಹೊರಟದ್ದೂ ಅದೇ ದಿನ. ಟಿವಿಯಲ್ಲಿ ಎರಡನ್ನೂ ನೋಡಿ ಕಣ್ಣು ಒರೆಸ್ಕೊಂಡೆ.

ಲಾಂಚೇ ಚೆಂದ ಇತ್ತು ಅಂತ ನಾನು ಹೇಳೋದಿಲ್ಲ. ಆದ್ರೆ ಕಾಯೋದರಲ್ಲಿ ಎರಡು ಬಗೆ. ಲೆಕ್ಕ ಹಾಕಿ ಕಾಯೋದು ಜಾಣತನ. ಸೇತುವೆಗೆ ಅರವತ್ತು ವರ್ಷ ಕಾಯಿಸಿದ್ದು ಅನ್ಯಾಯ. ನಾಳೆ ಗಗನಯಾನ ಮುಂದೆ ಹೋಯ್ತು ಅಂದ್ರೆ ನಗಬೇಡಿ. ಬೈಯೋದಿದ್ರೆ ಎರಡನೇದನ್ನ ಬೈಯಿರಿ.