ನಿನ್ನೆ ನಡೆದ ಮಗು ಇಂದು ನಡೆಯದಿದ್ದರೆ



ನಿನ್ನೆ ಅಂಗಳದಲ್ಲಿ ಓಡಾಡಿದ ಕೂಸು ಇಂದು ಬೆಳಗಾಗೆದ್ದು ನಿಲ್ಲಲಾರದೆ ಕುಸಿದರೆ ಏನು ಮಾಡುತ್ತೀರಿ? ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಒಂಟಿಮನೆಗಳಲ್ಲಿ ಮೊದಲು ಎಣ್ಣೆಯ ನೀವಿಕೆ, ಬಳಿಕ ನಾಟಿಮದ್ದು, ಆಮೇಲೆ ಹರಕೆ. ಹೀಗೆ ವಾರ ಕಳೆದುಹೋಗುವುದುಂಟು. ಹರಕೆ ಬೇಡವೆಂದು ನಾನು ಹೇಳೆನು. ಅದನ್ನು ಆಸ್ಪತ್ರೆಯ ದಾರಿಯಲ್ಲಿ ಹೊತ್ತುಕೊಳ್ಳಿರಿ.

ಮೊದಲು ಲಕ್ಷಣವನ್ನು ಅರಿಯಬೇಕು. ನೋವಿಗೆ ಅಂಜಿ ಕಾಲೂರದ ಮಗು ಅಂಗಾಲಿಗೆ ಕಚಗುಳಿಯಿಟ್ಟರೆ ಕಾಲನ್ನು ಸೆಳೆದುಕೊಳ್ಳುತ್ತದೆ. ಸೋತ ಕಾಲಾದರೋ ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯಂತೆ ಬೀಳುತ್ತದೆ. ಎರಡಕ್ಕೂ ವೈದ್ಯರು ಬೇಕು; ಎರಡನೆಯದಕ್ಕೆ ಅಂದೇ ಬೇಕು. ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯು ಕೀಲುಗಳನ್ನು ಮೆಲ್ಲಮೆಲ್ಲನೆ ಕೆಡಿಸುವಂಥದು. ಒಂದೆರಡು ದಿನಗಳಲ್ಲಿ ಬಂದ ಸೋಲನ್ನು ಅದರ ತಲೆಗೆ ಕಟ್ಟಬಾರದು.

ಎರಡೂ ಕಾಲು ಸೋತು ನಿಶ್ಶಕ್ತಿಯು ಮೇಲಕ್ಕೇರುತ್ತಿದ್ದರೆ ಗಿಲನ್ ಬಾರೆ ಎಂಬ ನರರೋಗವಿರಬಹುದು. ನೆಲದ ಮೇಲೆ ಮಲಗಿದ್ದ ಮಗುವಿನ ರೆಪ್ಪೆ ಜೋತು ಮಾತು ತೊದಲಿದರೆ ಕಟ್ಟುಹಾವಿನ ಕಡಿತವನ್ನೂ ಶಂಕಿಸಬೇಕು. ಅದರ ಗಾಯ ಕಣ್ಣಿಗೆ ಬೀಳದಿರಬಹುದು. ಇವೆರಡರಲ್ಲೂ ಉಸಿರೇ ನಿಂತೀತು. ಆದುದರಿಂದ ಕೂಡಲೇ 108ಕ್ಕೆ ಕರೆಮಾಡಿ ತಾಲ್ಲೂಕು ಆಸ್ಪತ್ರೆಗೆ, ವೈದ್ಯರು ಹೇಳಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೊರಡತಕ್ಕದ್ದು.

ಇನ್ನು ಪೋಲಿಯೊ. ದೇಶದಲ್ಲಿ ಕಾಡು ಪೋಲಿಯೊ ವೈರಾಣುವಿನಿಂದ ಕಡೆಯದಾಗಿ ಅಂಗ ಸೋತದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಮಗುವಿಗೆ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತಿಯ ಪ್ರಮಾಣಪತ್ರ ದೊರೆಯಿತು. ಆದರೂ 15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ಹಠಾತ್ತನೆ ಸೋತರೂ ಮಲಪರೀಕ್ಷೆ ನಡೆಯಬೇಕೆಂಬುದು ನಿಯಮ. ಏಕೆಂದರೆ ಈ ಸೋಂಕು ತಗುಲಿದ ನೂರು ಮಂದಿಯಲ್ಲಿ ಒಬ್ಬರಿಗೂ ಅಂಗ ಸೋಲದಿರಬಹುದು. ಒಂದು ಸೋತ ಕಾಲು ಕಾಣದ ನೂರಾರು ಸೋಂಕುಗಳ ಸುಳಿವು. ಸೋತ 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ, ಎರಡು ಬಾರಿ ಮಲವನ್ನು ಸಂಗ್ರಹಿಸುತ್ತಾರೆ. ಕೇಳಿದರೆಂದು ನಾಚಬೇಡಿರಿ, ಮಗುವಿಗೆ ಕುಂಟನೆಂಬ ಹೆಸರು ಬಂದೀತೆಂದು ಮುಚ್ಚಿಡಬೇಡಿರಿ. ನಿಮ್ಮ ಮೌನದಿಂದ ನೆರೆಮನೆಯ ಕೂಸಿಗೂ ಕೇಡಾದೀತು.

ತಾಯಂದಿರೇ, ಸೋತ ಅಂಗವನ್ನು ಒತ್ತಿ ನೀವಬೇಡಿರಿ. ಜ್ವರವಿದೆಯೆಂದು ಸಿಕ್ಕಲ್ಲಿ ಸೂಜಿ ಚುಚ್ಚಿಸಬೇಡಿರಿ. ಲಸಿಕೆಯ ಕಾರ್ಡನ್ನು ಜೊತೆಗೆ ಒಯ್ಯಿರಿ. ಯಾವ ದಿನ, ಯಾವ ಹೊತ್ತಿಗೆ ಕಾಲು ಸೋತಿತೆಂಬುದನ್ನು ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿರಿ. ವೈದ್ಯರ 14 ದಿನಗಳ ಲೆಕ್ಕ ಆರಂಭವಾಗುವುದು ಆ ಗುರುತಿನಿಂದಲೇ.