ಮೃಗಾಲಯದ ಟಿಕೆಟ್ಟನ್ನು ಊರೇ ಕಟ್ಟಲಿ

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಯಾದ ಮೇಲೆ ಪಶ್ಚಿಮ ಬೆಂಗಳೂರಿನ ದುಡಿಯುವ ಮನೆಗಳಿಗೆ ಮಕ್ಕಳನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಿಬರುವ ಖರ್ಚಿನಲ್ಲಿ ಒಂದು ಪಾಲು ಇಳಿದಿದೆ. ರಾಜಾಜಿನಗರದ ಆಸುಪಾಸಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ತಾಯಿಯೊಬ್ಬಳು ಬನ್ನೇರುಘಟ್ಟದ ಮೃಗಾಲಯಕ್ಕೆ ಹೊರಟರೆ ಮೆಜೆಸ್ಟಿಕ್‌ವರೆಗೂ, ಅಲ್ಲಿಂದ 365ನೇ ನಂಬರಿನ ಸಾಮಾನ್ಯ ಬಸ್ಸಿನಲ್ಲಿ ಕೊನೆಯ ಸ್ಟಾಪಿನವರೆಗೂ ಅವಳಿಗೆ, ಅತ್ತೆಗೆ, ಮಗಳಿಗೆ ಶೂನ್ಯ ದರದ ಟಿಕೆಟ್. ಕೆಂಗೇರಿಯವರು ಮೈಸೂರಿನ ಝೂ ನೋಡಲು ಹೋಗುವುದಾದರೂ ಅಷ್ಟೇ, ಕೆಂಪು ಬಸ್ಸು ಹತ್ತಿದರೆ ಹೆಂಗಸರಿಗೆ ಚಾರ್ಜಿಲ್ಲ. ಕೈ ಕಟ್ಟುವುದು ಮೃಗಾಲಯದ ಟಿಕೆಟ್ ಕೌಂಟರಿನ ಮುಂದೆ. ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳಿಗೆ ಪ್ರವೇಶ, ಮಕ್ಕಳು ಹಟ ಹಿಡಿದರೆ ಸಫಾರಿ, ಮಧ್ಯಾಹ್ನಕ್ಕೆ ಏನಾದರೂ ಊಟ ಎಂದರೆ ಸಾವಿರ ರೂಪಾಯಿ ದಾಟಿಬಿಡುತ್ತದೆ. ಮೈಸೂರು ಮೃಗಾಲಯದಲ್ಲಂತೂ ವಾರದ ದಿನಗಳಿಗಿಂತ ಶನಿವಾರ, ಭಾನುವಾರ ದರ ಹೆಚ್ಚು ಇಟ್ಟದ್ದೂ ಉಂಟು. ಬುಧವಾರ ರಜೆ ಹಾಕಿ ಬರಬಲ್ಲವರಿಗೆ ಕಡಿಮೆ ದರ, ಭಾನುವಾರ ಬಿಟ್ಟರೆ ಬೇರೆ ಬಿಡುವೇ ಇಲ್ಲದವರಿಗೆ ಜಾಸ್ತಿ ದರ. ಜನಸಂದಣಿ ತಗ್ಗಿಸಲು ಹೀಗೆ ಮಾಡಿರಬಹುದು, ಆದರೆ ಅದರ ಭಾರ ಯಾರ ಮೇಲೆ ಬೀಳಬಾರದಿತ್ತೋ ಅವರ ಮೇಲೇ ಬಿತ್ತು.

ಸರ್ಕಾರಿ ಶಾಲೆಯಲ್ಲಿ ಓದುವ ಪ್ರತಿ ಮಗುವಿಗೂ, ಅದರ ಮನೆಯವರ ಜೊತೆಯಲ್ಲಿ, ವರ್ಷಕ್ಕೊಂದು ಸಲ ಮೃಗಾಲಯದ ಪ್ರವೇಶ ಉಚಿತವಾಗಬೇಕು. ಆ ಹಣವನ್ನು ಮೃಗಾಲಯ ಕಳೆದುಕೊಳ್ಳಬಾರದು, ನಗರ ಪಾಲಿಕೆ ಕಟ್ಟಬೇಕು. ಈ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನಷ್ಟೇ ಒಪ್ಪುವುದಾದರೆ ನಾನು ಈ ಬೇಡಿಕೆಯನ್ನೇ ಕೈಬಿಡುತ್ತೇನೆ. ಕಾರಣ 2020ರಲ್ಲಿ ನಮ್ಮ ಕಣ್ಣೆದುರೇ ನಡೆದಿದೆ. 1892ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಕಟ್ಟಿಸಿದ ಮೈಸೂರು ಮೃಗಾಲಯ ಒಂದು ಕಾಲಕ್ಕೆ ಅರಮನೆಯ ಆಶ್ರಯದಲ್ಲಿತ್ತು. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ಹುಟ್ಟಿತು. ಈಗ ಪ್ರಾಣಿಗಳ ಮೇವು, ಮಾಂಸ, ಔಷಧಿ, ಪಾಲಕರ ಸಂಬಳ ಎಲ್ಲಕ್ಕೂ ಮುಖ್ಯ ಆಧಾರ ನೋಡಲು ಬಂದವರು ಕೊಡುವ ದುಡ್ಡು. ಕೋವಿಡ್‌ನಿಂದ ಗೇಟು ಮುಚ್ಚಿದಾಗ ಆ ದುಡ್ಡು ಒಮ್ಮೆಗೇ ನಿಂತುಹೋಯಿತು. ಆನೆ, ಹುಲಿಗಳ ಹಸಿವಿಗೆ ಲಾಕ್‌ಡೌನ್ ಇರಲಿಲ್ಲ. ಮೃಗಾಲಯ ದೇಣಿಗೆ ಕೇಳಬೇಕಾಯಿತು, ಪ್ರಾಣಿಗಳನ್ನು ದತ್ತು ಪಡೆಯಿರಿ ಎಂದು ಜನರಲ್ಲಿ ಮನವಿ ಮಾಡಬೇಕಾಯಿತು. ಆಗ ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಾಗಿದ್ದ ಎಸ್.ಟಿ. ಸೋಮಶೇಖರ್ ದಾನಿಗಳಿಂದ ಕೋಟಿಗಟ್ಟಲೆ ಹಣ ಸಂಗ್ರಹಿಸಿ ಕೊಟ್ಟರು. ಅದರಲ್ಲಿ ಅವರು ಪ್ರತಿನಿಧಿಸುವ, ಕೆಂಗೇರಿಯನ್ನೂ ಒಳಗೊಂಡ ಯಶವಂತಪುರ ಕ್ಷೇತ್ರದ ಜನರ ಪಾಲೂ ಇತ್ತು. ನಮ್ಮ ಕಡೆಯವರು ದೂರದ ಮೈಸೂರಿನ ಪ್ರಾಣಿಗಳಿಗಾಗಿ ಕೈ ಬಿಚ್ಚಿದ್ದು ನಿಜಕ್ಕೂ ಅಭಿಮಾನದ ಸಂಗತಿ. ಆದರೆ ಮೂಕಪ್ರಾಣಿಗಳ ಊಟ ದಾನಿಗಳ ಮರ್ಜಿಗೆ ಬಿಟ್ಟಿರಬಾರದು, ಮೃಗಾಲಯದ ಗಳಿಕೆಯನ್ನು ಕಡಿಮೆ ಮಾಡಿ ಉಚಿತ ಪ್ರವೇಶ ಕೊಡಲೂಬಾರದು.

ಹೊರದೇಶಗಳಲ್ಲಿ ಉಚಿತವಾಗಿ ನಡೆಯುವ ದೊಡ್ಡ ಮೃಗಾಲಯಗಳು ಇದಕ್ಕೆ ಕಂಡುಕೊಂಡ ದಾರಿ ಸರಳವಾದದ್ದು. ಅಮೆರಿಕದ ಸೇಂಟ್ ಲೂಯಿಸ್ ನಗರದ ಮೃಗಾಲಯಕ್ಕೆ ಪ್ರವೇಶ ಶುಲ್ಕವಿಲ್ಲ. 1970ರ ದಶಕದ ಆರಂಭದಲ್ಲಿ ಅಲ್ಲಿನ ಜನರೇ ಮತ ಹಾಕಿ, ತಮ್ಮ ಆಸ್ತಿ ತೆರಿಗೆಯ ಒಂದು ಸಣ್ಣ ಪಾಲು ಮೃಗಾಲಯಕ್ಕೂ ವಸ್ತುಸಂಗ್ರಹಾಲಯಗಳಿಗೂ ಹೋಗಲಿ ಎಂದು ಒಪ್ಪಿಕೊಂಡರು. ಒಳಗಿನ ಪುಟ್ಟ ರೈಲು, ವಾಹನ ನಿಲುಗಡೆ ಮುಂತಾದವಕ್ಕೆ ಮಾತ್ರ ದುಡ್ಡು ಕೊಡಬೇಕು. ಇದೇನೂ ನಮಗೆ ಹೊಸದಲ್ಲ. ಬೆಂಗಳೂರಿನಲ್ಲಿ ಮನೆ ಕಂದಾಯ ಕಟ್ಟುವವರು ಅದರ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತಾ ಬಂದಿದ್ದಾರೆ. ವಿಜಯನಗರದ ಹಂಪಿನಗರದಲ್ಲಿರುವ ಗ್ರಂಥಾಲಯಕ್ಕೆ ಬೆಳಿಗ್ಗೆಯೇ ಬಂದು ಪತ್ರಿಕೆ ಓದುವ ಹಿರಿಯರನ್ನಾಗಲಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಸಂಜೆಯವರೆಗೆ ಕೂರುವ ಹುಡುಗ ಹುಡುಗಿಯರನ್ನಾಗಲಿ ಬಾಗಿಲಲ್ಲಿ ಯಾರೂ ಟಿಕೆಟ್ ಕೇಳುವುದಿಲ್ಲ. ಯಾಕೆಂದರೆ ಊರು ಆ ಹಣವನ್ನು ಮೊದಲೇ ಕಟ್ಟಿದೆ. ಅಲ್ಲಿ ಓದುವುದನ್ನು ಬಿಟ್ಟಿ ಎಂದು ಇವತ್ತಿನವರೆಗೂ ಯಾರೂ ಹೀಯಾಳಿಸಿಲ್ಲ. ಮೃಗಾಲಯಕ್ಕೆ ಹೊಸ ಕರವೇ ಬೇಕೆಂದು ನಾನು ಹೇಳುತ್ತಿಲ್ಲ, ಇರುವ ಆಸ್ತಿ ತೆರಿಗೆಯಿಂದಲೇ ಒಂದು ಸಣ್ಣ ಮೊತ್ತ ತೆಗೆದಿಟ್ಟರೆ ಸಾಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. ಗ್ರಂಥಾಲಯದ ಹೆಸರಲ್ಲಿ ವಸೂಲಾದ ಕರ ಗ್ರಂಥಾಲಯ ಇಲಾಖೆಗೆ ಸಕಾಲಕ್ಕೆ ತಲುಪದೆ ಬಾಕಿ ಬೆಳೆದದ್ದು ಎಲ್ಲರಿಗೂ ಗೊತ್ತು. ಶಕ್ತಿಯ ಹಣ ಸರ್ಕಾರದಿಂದ ಬರುವುದು ತಡವಾಗುತ್ತಿದೆ ಎಂದು ಸಾರಿಗೆ ನಿಗಮಗಳು ದೂರಿದ್ದೂ ಉಂಟು. ನಾಳೆ ಮೃಗಾಲಯಕ್ಕೂ ಇದೇ ಗತಿಯಾದರೆ ಏನು ಮಾಡುವುದು? ಅದಕ್ಕೇ ಹಣ ಮುಂಗಡವಾಗಿ ಬರಬೇಕು. ಪಾಲಿಕೆ ವರ್ಷದ ಆರಂಭದಲ್ಲಿ ಇಂತಿಷ್ಟು ಕುಟುಂಬಗಳ ಟಿಕೆಟ್ಟನ್ನು ಪ್ರಾಧಿಕಾರದಿಂದ ಪೂರ್ಣ ದರಕ್ಕೆ ಕೊಂಡುಕೊಳ್ಳಲಿ, ಕೊಂಡಷ್ಟನ್ನು ಮಾತ್ರ ಶಾಲೆಗಳಿಗೆ ಹಂಚಲಿ. ಮಗುವಿನ ಹೆಸರು, ಶಾಲೆಯ ಮೊಹರು ಇರುವ ಒಂದು ಕೂಪನ್ ಸಾಕು. ಹಣ ಕಟ್ಟದಿದ್ದರೆ ಕೂಪನ್ನೇ ಇಲ್ಲ. ಹೀಗಾದರೆ ಲೋಪ ಪಾಲಿಕೆಯದೆಂದು ಪ್ರತಿ ಶಾಲೆಯಲ್ಲೂ ಗೊತ್ತಾಗುತ್ತದೆ, ಬಾಕಿಯ ಹೊರೆ ಪ್ರಾಣಿಗಳ ಮೇಲೆ ಬೀಳುವುದಿಲ್ಲ.

ಉಚಿತ ಎಂದ ಕೂಡಲೇ ಜನ ಮುಗಿಬೀಳುತ್ತಾರೆ, ಗಲಾಟೆಗೆ ಪ್ರಾಣಿಗಳು ಬೆದರುತ್ತವೆ ಎನ್ನುವವರಿದ್ದಾರೆ. ಎಲ್ಲರಿಗೂ ಒಂದೇ ದಿನ ಬಾಗಿಲು ತೆರೆದರೆ ಅವರ ಮಾತು ನಿಜವಾದೀತು. ಹಾಗಾಗಿಯೇ ಉಚಿತ ದಿನ ಎಂಬ ಕಲ್ಪನೆ ನನಗೆ ಒಪ್ಪಿಗೆಯಿಲ್ಲ. ಕೂಪನ್ ಇಡೀ ವರ್ಷ ನಡೆಯುವಂತಿದ್ದರೆ, ಭಾನುವಾರಗಳಿಗೆ ಒಂದು ಮಿತಿ ಇದ್ದರೆ, ಜನ ತಾವಾಗಿಯೇ ಹಂಚಿಹೋಗುತ್ತಾರೆ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಕ್ಕೆ ಸಮವಸ್ತ್ರದಲ್ಲಿ ಬರುವ ಶಾಲಾ ಮಕ್ಕಳನ್ನು ನಿಗದಿತ ದಿನಗಳಲ್ಲಿ ಉಚಿತವಾಗಿ ಬಿಡುವ ಪದ್ಧತಿ ಇದೆ. ಸಾಲಾಗಿ ಬರುವ ಆ ಮಕ್ಕಳಿಂದ ಹೂವಿಗೆ ಕೇಡಾಯಿತು ಎಂದು ಯಾರೂ ಹೇಳುವುದಿಲ್ಲ. ಇನ್ನು, ದುಡ್ಡು ಕೊಡದವರಿಗೆ ಬೆಲೆ ಗೊತ್ತಾಗುವುದಿಲ್ಲ, ಕಸ ಹಾಕುತ್ತಾರೆ ಎಂಬ ಮಾತು ಅನ್ಯಾಯದ್ದು. ಮೈಸೂರಿನಲ್ಲಿ ಚೀಲ ತಪಾಸಣೆ ಮಾಡಿ, ನೀರಿನ ಬಾಟಲಿಗೆ ಸ್ಟಿಕ್ಕರ್ ಅಂಟಿಸಿ ಠೇವಣಿ ಪಡೆಯುವ ಕ್ರಮ ತಂದದ್ದು ದುಡ್ಡು ಕೊಟ್ಟು ಒಳಗೆ ಹೋದವರಿಗಾಗಿಯೇ. ಖಾಲಿ ಬಾಟಲಿ ವಾಪಸ್ ತಂದು ತೋರಿಸಿದರೆ ಠೇವಣಿ ಕೈಗೆ ಬರುತ್ತದೆ. ಒಳಗಿನ ಸ್ವಚ್ಛತೆ ಇಂಥ ಕ್ರಮಗಳಿಂದ ಬರುತ್ತದೆಯೇ ಹೊರತು ಟಿಕೆಟ್ ದರದಿಂದ ಅಲ್ಲ.

ಪ್ರಾಣಿಗಳನ್ನು ಕೂಡಿಹಾಕುವುದೇ ತಪ್ಪು, ಅದನ್ನು ತೋರಿಸಲು ಮಕ್ಕಳನ್ನು ಯಾಕೆ ಕರೆದೊಯ್ಯಬೇಕು ಎಂದು ಕೇಳುವವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಬನ್ನೇರುಘಟ್ಟ ಬರೀ ಪ್ರದರ್ಶನದ ಜಾಗವಲ್ಲ. ಸರ್ಕಸ್ಸುಗಳಿಂದ ಬಿಡಿಸಿ ತಂದ ಹುಲಿ, ಸಿಂಹಗಳನ್ನು ಅಲ್ಲಿ ಸಾಕಿದ್ದಾರೆ. ಮೂತಿ ಚುಚ್ಚಿ, ಹಗ್ಗ ಪೋಣಿಸಿ ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳಿಗಾಗಿ 2005ರಿಂದ ಅಲ್ಲಿ ರಕ್ಷಣಾ ಕೇಂದ್ರವಿದೆ. ಅಂಥ ಕರಡಿಯ ಮೂತಿಯ ಮೇಲೆ ಹಗ್ಗ ಉಜ್ಜಿದ ಗಾಯದ ಗುರುತು ಹೇಗೆ ಉಳಿದುಕೊಳ್ಳುತ್ತದೆ ಎಂದು ಪ್ರಾಣಿಪಾಲಕರೊಬ್ಬರು ಹತ್ತು ನಿಮಿಷ ವಿವರಿಸಿದರೆ, ಮೊಬೈಲಿನಲ್ಲಿ ನೂರು ವಿಡಿಯೊ ನೋಡಿದರೂ ತಿಳಿಯದ ಸಂಗತಿ ಮಗುವಿಗೆ ತಿಳಿಯುತ್ತದೆ. ಮಗುವಿನ ಜೊತೆ ಅಜ್ಜಿಯೂ ಇರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಕರಡಿ ಆಡಿಸುವವರು ಬೀದಿಗೆ ಬರುತ್ತಿದ್ದದ್ದನ್ನು ಕಂಡ ತಲೆಮಾರು ಅವರದು, ಮಗುವಿಗೆ ಹೇಳಲು ಅವರ ಹತ್ತಿರ ಬೇಕಾದಷ್ಟಿದೆ. ಶಾಲೆಯ ಪ್ರವಾಸದಲ್ಲಿ ಮಕ್ಕಳು ಮಾತ್ರ ಹೋಗುತ್ತಾರೆ. ಕುಟುಂಬ ಒಟ್ಟಿಗೆ ಹೋದರೆ ಆ ಮಾತು ಮನೆಯಲ್ಲೂ ಮುಂದುವರಿಯುತ್ತದೆ.

ಸಫಾರಿ ಈ ಸೌಲಭ್ಯದಲ್ಲಿ ಸೇರುವುದು ಬೇಡ, ಬೇಕೆನ್ನುವವರು ದುಡ್ಡು ಕೊಟ್ಟು ಹೋಗಲಿ. ಇಡೀ ರಾಜ್ಯಕ್ಕೆ ಒಂದೇ ಸಲ ಮಾಡಬೇಕೆಂದೂ ಇಲ್ಲ. ಬೆಂಗಳೂರಿಗೆ ಈಗ ಐದು ಪಾಲಿಕೆಗಳಿವೆ. ಆಸ್ತಿ ತೆರಿಗೆ ಕಟ್ಟುವ ದೊಡ್ಡ ಬಡಾವಣೆಗಳೂ, ಅವುಗಳ ಪಕ್ಕದಲ್ಲೇ ಸರ್ಕಾರಿ ಶಾಲೆಗಳೂ ಇರುವ ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಇದನ್ನು ಮೊದಲು ಮಾಡಿ ತೋರಿಸಬಹುದು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ನಿವಾಸಿ ಸಂಘಗಳು ಮುಂದಿನ ಬಜೆಟ್‌ಗೆ ಮುನ್ನ ಪಾಲಿಕೆಗೆ ಸಲ್ಲಿಸುವ ಬೇಡಿಕೆಗಳಲ್ಲಿ ರಸ್ತೆ, ಚರಂಡಿ, ಬೀದಿದೀಪದ ಜೊತೆ ಮಕ್ಕಳ ಈ ಕೂಪನ್ನನ್ನೂ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ.